ರಾಜಾಜಿನಗರದಿಂದ ಕೆಂಗೇರಿಯವರೆಗಿನ ಸಂಗೀತಗುರುಗಳಿಗೆ



ರಾಜಾಜಿನಗರದ ಬ್ಲಾಕುಗಳಲ್ಲಿಯೂ, ಬಸವೇಶ್ವರನಗರದ ಹಾವನೂರು ವೃತ್ತದ ಆಚೀಚೆಯ ಅಡ್ಡರಸ್ತೆಗಳಲ್ಲಿಯೂ, ವಿಜಯನಗರ ಹಂಪಿನಗರಗಳ ಮಹಡಿಮನೆಗಳಲ್ಲಿಯೂ, ಕೆಂಗೇರಿ ಉಪನಗರದ ಹೊಸ ಬಡಾವಣೆಗಳಲ್ಲಿಯೂ, ಸಂಜೆಯಾಗುತ್ತಲೇ ಮನೆಯ ನಡುಕೋಣೆಯನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡು, ಮಾಯಾಮಾಳವಗೌಳದ ಸರಳೆವರಸೆಯಿಂದ ಹಿಡಿದು ವಿದ್ವತ್ ಪರೀಕ್ಷೆಯ ಪಲ್ಲವಿಯವರೆಗೆ ಮಕ್ಕಳಿಗೆ ಕಲಿಸುತ್ತಿರುವ ತಮ್ಮೆಲ್ಲರನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ತಮ್ಮಲ್ಲಿ ಬಹುಮಂದಿಯ ಹೆಸರು ಸಭೆಗಳ ಆಹ್ವಾನಪತ್ರಿಕೆಗಳಲ್ಲಿ ಅಚ್ಚಾಗುವುದಿಲ್ಲ. ಆದರೂ ರಾಮನವಮಿಯ ಚಪ್ಪರದ ಕೆಳಗೆ ತಾಳ ಹಾಕುತ್ತ ಕುಳಿತಿರುವ ಶ್ರೋತೃಗಳಲ್ಲಿ ಎಷ್ಟೋ ಜನರಿಗೆ ಆ ತಾಳವನ್ನು ಹಾಕಲು ಕಲಿಸಿದವರು ತಾವೇ ಎಂಬುದನ್ನು ಬಲ್ಲವರು ಬಲ್ಲರು. ತಮ್ಮಂಥವರೊಬ್ಬರ ಮನೆಯಲ್ಲಿ ಚಾಪೆಯ ಮೇಲೆ ಕುಳಿತು ಕಲಿತವನಾದ್ದರಿಂದಲೂ, ಹೊಟ್ಟೆಪಾಡಿಗಾಗಿ ಗಣಕಯಂತ್ರಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನಾದ್ದರಿಂದಲೂ, ಈ ಎರಡು ಲೋಕಗಳ ನಡುವೆ ನಿಂತು ಒಂದು ಮಾತನ್ನು ಅರಿಕೆ ಮಾಡಿಕೊಳ್ಳುವ ಸಲಿಗೆಯನ್ನು ವಹಿಸಿದ್ದೇನೆ.

ಆ ನಡುಕೋಣೆಯೊಳಕ್ಕೆ ಗಣಕಯಂತ್ರವು ಈಗಾಗಲೇ ಬಂದು ಕುಳಿತಿದೆ. ಪಾಠವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುವ ಶಿಷ್ಯರು, ಶಾಲೆಯ ವಾರ್ಷಿಕೋತ್ಸವದ ದೇವರನಾಮಕ್ಕೆ ಒಂದು ಟ್ರ್ಯಾಕ್ ಮಾಡಿಕೊಡಿ ಎಂದು ಕೇಳುವ ತಾಯಂದಿರು, ಸಮುದ್ರದಾಚೆಯಿಂದ ವಿಡಿಯೋದ ಮೂಲಕ ಪಾಠ ಹೇಳಿಸಿಕೊಳ್ಳುವ ನೆಂಟರ ಮಕ್ಕಳು, ಇವರೆಲ್ಲರೂ ಅದನ್ನು ಕರೆತಂದವರು. ಬಂದದ್ದು ಇನ್ನು ಹೊರಗೆ ಹೋಗುವಂತಿಲ್ಲ. ಆದಕಾರಣ ಅದು ಬರಬೇಕೇ ಬಾರದೇ ಎಂಬ ಚರ್ಚೆ ಮುಗಿದ ಚರ್ಚೆ. ಅದರೊಳಗಿನ ತಂತ್ರಾಂಶವು ಯಾರ ಅಧೀನದಲ್ಲಿರತಕ್ಕದ್ದು ಎಂಬ ಪ್ರಶ್ನೆಯಾದರೋ ಇನ್ನೂ ಇತ್ಯರ್ಥವಾಗದೆ ಉಳಿದಿದೆ. ಧ್ವನಿಮುದ್ರಣಕ್ಕೂ, ಶ್ರುತಿ ತಾಳಗಳ ಸಹಾಯಕ್ಕೂ, ಹಳೆಯ ಕ್ಯಾಸೆಟ್ಟುಗಳ ಉದ್ಧಾರಕ್ಕೂ ತಾವು ಮುಕ್ತ ತಂತ್ರಾಂಶಗಳನ್ನೇ, ಅಂದರೆ ಯಾವುದರ ಒಳರಚನೆಯನ್ನು ಯಾರು ಬೇಕಾದರೂ ಓದಿ, ತಿದ್ದಿ, ಮತ್ತೊಬ್ಬರಿಗೆ ಹಂಚಲು ಕಾನೂನುಬದ್ಧವಾದ ಅನುಮತಿಯುಂಟೋ ಅಂಥವನ್ನೇ, ಅವಲಂಬಿಸಬೇಕೆಂಬುದು ನನ್ನ ಪ್ರಾರ್ಥನೆ.

ಯಂತ್ರವೂ ಸಂಗೀತವೂ ಒಂದನ್ನೊಂದು ಕೂಡುವುದು ನಮ್ಮ ನಾಡಿಗೆ ನವೀನವಾದ ಸಂಗತಿಯಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಗಳು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ರೇಡಿಯೋ ಪ್ರಸಾರಕೇಂದ್ರವನ್ನು ಸ್ಥಾಪಿಸಿದರು; ‘ಆಕಾಶವಾಣಿ’ ಎಂಬ ಹೆಸರು ಅದಕ್ಕೆ ಬಂದಿತು. ಸರಕಾರವಾಗಲಿ ದೊಡ್ಡ ಸಂಸ್ಥೆಯಾಗಲಿ ಬೆನ್ನಿಗಿಲ್ಲದೆ, ವಿದ್ಯಾವಂತರಾದ ಒಬ್ಬ ಗೃಹಸ್ಥರು ತಮ್ಮ ಕುತೂಹಲದ ಬಲದಿಂದಲೇ ಆರಂಭಿಸಿದ ಕೆಲಸ ಅದು. ಬೆಂಗಳೂರಿನಲ್ಲಿ ಎಂಜಿನಿಯರರೂ ವೇಣುವಾದಕರೂ ಆದ ಜಿ. ರಾಜನಾರಾಯಣ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಇಂದು ತಮ್ಮ ಎಡಗಡೆಯಲ್ಲಿ ಇರುವ ಶ್ರುತಿಪೆಟ್ಟಿಗೆಯು ಆ ವಂಶಕ್ಕೆ ಸೇರಿದ್ದು. ಮೊದಮೊದಲು ಮೂಗು ಮುರಿದವರೂ ಕಾಲಕ್ರಮದಲ್ಲಿ ಅದನ್ನು ಒಪ್ಪಿಕೊಂಡದ್ದಕ್ಕೆ ಕಾರಣವಿಷ್ಟೆ: ಅದನ್ನು ಮಾಡಿದವರಿಗೆ ಷಡ್ಜಪಂಚಮಗಳ ಬೆಲೆ ಗೊತ್ತಿತ್ತು, ಅದರ ತಿರುಗುಗುಬ್ಬಿಗಳು ಹಾಡುವವನ ಕೈಗೆ ಎಟುಕುತ್ತಿದ್ದುವು.

ತಂಬೂರಿಯ ವಿಷಯದಲ್ಲಿ ತಾವು ನನಗಿಂತ ಎಷ್ಟೋ ಪಾಲು ಬಲ್ಲವರು; ಆದರೂ ಒಂದು ಅಂಶವನ್ನು ಸ್ಮರಣೆಗೆ ತಂದುಕೊಡುತ್ತೇನೆ. ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ಎಳೆದಾರವನ್ನು ಕೂದಲೆಳೆಯಷ್ಟು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಸರಿಸುತ್ತ, ತಂತಿಯು ಒಂದು ಸ್ಥಾನದಲ್ಲಿ ಇದ್ದಕ್ಕಿದ್ದಂತೆ ಝೇಂಕರಿಸತೊಡಗುವವರೆಗೆ ಗಾಯಕನು ಕಾಯುತ್ತಾನಷ್ಟೆ. ಆ ಝೇಂಕಾರದ ರಹಸ್ಯವನ್ನು ಭೌತಶಾಸ್ತ್ರದ ಭಾಷೆಯಲ್ಲಿ ಮೊದಲು ವಿಚಾರಿಸಿದವರು, ಮುಂದೆ ನಮ್ಮ ಬೆಂಗಳೂರಿನವರೇ ಆಗಿಹೋದ ಸಿ.ವಿ. ರಾಮನ್ನರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲತೆಯುಳ್ಳ ಅನುಸ್ವರಗಳು ನಾದದಲ್ಲಿ ಹುಟ್ಟಲಾರವು ಎಂಬುದು ಯೂರೋಪಿನಲ್ಲಿ ಅಂಗೀಕೃತವಾಗಿದ್ದ ನಿಯಮ. ವೀಣೆ ತಂಬೂರಿಗಳಲ್ಲಿ ಈ ನಿಯಮವು ಭಂಗವಾಗುತ್ತದೆಂದೂ, ಹುಟ್ಟಬಾರದ ಅನುಸ್ವರಗಳು ಬಲವಾಗಿಯೇ ಕೇಳಿಬರುತ್ತವೆಂದೂ, ಅಗಲವಾಗಿ ಬಾಗಿದ ಕುದುರೆಯೇ ಅದಕ್ಕೆ ಕಾರಣವೆಂದೂ ಅವರು 1921ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು.

ಇನ್ನು ಗಣಕದ ಕಡೆಯ ಕಥೆ. ಮೀಟಿದ ತಂತಿಯ ನಾದವನ್ನು ಅಂಕಿಗಳಿಂದ ಕಟ್ಟುವ ಅತಿ ಸರಳವಾದ ಒಂದು ವಿಧಾನವನ್ನು ಕೆವಿನ್ ಕಾರ್‌ಪ್ಲಸ್, ಅಲೆಕ್ಸ್ ಸ್ಟ್ರಾಂಗ್ ಎಂಬಿಬ್ಬರು 1983ರಲ್ಲಿ ಪ್ರಕಟಿಸಿದರು. ಅಸ್ತವ್ಯಸ್ತವಾದ ಒಂದಿಷ್ಟು ಅಂಕಿಗಳನ್ನು ಸಾಲಾಗಿ ಇರಿಸಿ, ಆ ಸಾಲನ್ನು ಸುತ್ತಿಸುತ್ತ, ಪ್ರತಿ ಸುತ್ತಿನಲ್ಲಿಯೂ ನೆರೆಹೊರೆಯ ಎರಡೆರಡು ಅಂಕಿಗಳ ಸರಾಸರಿಯನ್ನು ತೆಗೆಯುತ್ತ ಹೋದರೆ, ಕರ್ಕಶವಾಗಿ ಆರಂಭವಾದದ್ದು ಕ್ರಮೇಣ ಮೃದುವಾಗಿ ತಂತಿಯ ನಾದದಂತೆ ಆರಿಹೋಗುತ್ತದೆ. ಫ್ರಾನ್ಸಿನ ಲಿಯೋನ್ ನಗರದ ಗ್ರಾಮ್ ಎಂಬ ಸಂಗೀತಸಂಶೋಧನ ಕೇಂದ್ರದಲ್ಲಿ 2002ರಿಂದ ಬೆಳೆದುಬಂದಿರುವ ‘ಫೌಸ್ಟ್’ ಎಂಬುದು ನಾದನಿರ್ಮಾಣಕ್ಕೆಂದೇ ರಚಿತವಾದ ಮುಕ್ತ ಗಣಕಭಾಷೆ. ಆ ಭಾಷೆಯ ಉದಾಹರಣೆಗಳ ನಡುವೆ ಆಲಿ ಲಾರ್ಕಿನ್ ಎಂಬವರು ಬರೆದಿರುವ ಒಂದು ತಂಬೂರಿಯುಂಟು. ಅದರಲ್ಲಿ ಮೀಟುವ ವೇಗಕ್ಕೂ, ನಾದವು ಆರುವ ಕಾಲಕ್ಕೂ, ಜವಾರಿಗೂ, ಅಂದರೆ ಆ ಝೇಂಕಾರಕ್ಕೂ, ಪ್ರತ್ಯೇಕವಾದ ಕೀಲಿಗಳಿವೆ. ಇಷ್ಟು ಮಾತ್ರವಾಗಿದ್ದರೆ ಅಂಗಡಿಯ ಸಾಮಾನಿಗೂ ಅದಕ್ಕೂ ಹೆಚ್ಚಿನ ಭೇದವಿರುತ್ತಿರಲಿಲ್ಲ. ಆದರೆ ಆ ತಂಬೂರಿಯ ಹೊಟ್ಟೆಯೊಳಗಿನ ಪ್ರತಿಯೊಂದು ಸಾಲೂ ಓದುವವರಿಗೆ ತೆರೆದಿದೆ. ಅದರ ಝೇಂಕಾರವು ತಮ್ಮ ಕಿವಿಗೆ ಒಗ್ಗಲಿಲ್ಲವೆಂದರೆ, ಎಂಜಿನಿಯರಿಂಗ್ ಓದುತ್ತಿರುವ ತಮ್ಮ ಶಿಷ್ಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಇಲ್ಲಿ ಇನ್ನೂ ಸ್ವಲ್ಪ, ಇಲ್ಲಿ ಬೇಡ” ಎಂದು ತಾವು ಹೇಳಿ ತಿದ್ದಿಸಬಹುದು. ತಿದ್ದಿದ್ದನ್ನು ಕೆಂಗೇರಿಯ ಗುರುಗಳಿಗೆ ಕಳಿಸಿಕೊಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಕುದುರೆಯ ಮೇಲಿನ ಆ ಎಳೆದಾರವು ಹೇಗೆ ಹಾಡುವವನ ಬೆರಳಿಗೆ ಸಿಕ್ಕುವಂತಿದೆಯೋ, ಹಾಗೆ ತಂತ್ರಾಂಶದ ಒಳಗೂ ಹಾಡುವವನ ಬೆರಳು ತಲುಪುವಂತಿರಬೇಕು. ನನ್ನ ವಾದದ ತಿರುಳು ಇಷ್ಟೇ ಆಗಿರುತ್ತದೆ.

ಅಂಥ ಅಗತ್ಯ ಎಲ್ಲಿ ಒದಗುತ್ತದೆಂದು ತಾವು ಕೇಳಬಹುದು. ಧ್ವನಿಮುದ್ರಣದ ಯಾವ ತಂತ್ರಾಂಶವನ್ನೇ ತೆರೆಯಿರಿ, ಅದು ಕೆಲವು ಸಂಗತಿಗಳನ್ನು ಮೊದಲೇ ಗೃಹೀತವೆಂದು ಹಿಡಿದುಕೊಂಡಿರುತ್ತದೆ: ಸಪ್ತಕಕ್ಕೆ ಹನ್ನೆರಡು ಸಮಾನವಾದ ಭಾಗಗಳು, ಆರನೆಯ ಮನೆಗೆ 440 ಕಂಪನಗಳು, ಆವರ್ತಕ್ಕೆ ನಾಲ್ಕು ಅಕ್ಷರಗಳು, ನಿಮಿಷಕ್ಕೆ 120 ಎಣಿಕೆಗಳು. ಪಿಯಾನೋವನ್ನು ಕಣ್ಣೆದುರಿಗಿಟ್ಟುಕೊಂಡು ಮಾಡಿದ ಏರ್ಪಾಡು ಇದು. ಪಿಯಾನೋಗೆ ಇದು ಸಲ್ಲುತ್ತದೆ. ನಮ್ಮ ಶಂಕರಾಭರಣದ ಗಾಂಧಾರಕ್ಕೆ ಸಲ್ಲುವುದಿಲ್ಲ. ಲೆಕ್ಕವನ್ನು ನೋಡೋಣ. ಒಂದೂವರೆ ಮನೆಯ ಶ್ರುತಿಯಲ್ಲಿ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 138.6 ಕಂಪನಗಳು. ತಂಬೂರಿಯನ್ನು ಚೆನ್ನಾಗಿ ಕೂಡಿಸಿದಾಗ ಯಾರೂ ಮೀಟದೆಯೇ ಕೇಳಿಬರುವ ಸ್ವಯಂಭೂ ಗಾಂಧಾರವು ಈ ಷಡ್ಜದ ಐದನೆಯ ಅನುಸ್ವರ, ಅಂದರೆ 693 ಕಂಪನಗಳದು. ಸಮಭಾಗದ ಕೀಬೋರ್ಡಿನಲ್ಲಿ ಅಂತರಗಾಂಧಾರದ ಮನೆಯನ್ನು ಒತ್ತಿದರೆ ಹೊರಡುವ ನಾದದ ನಾಲ್ಕನೆಯ ಅನುಸ್ವರವು ಸುಮಾರು 698.5. ಇವೆರಡೂ ಒಂದೇ ಕೋಣೆಯಲ್ಲಿ ಮೊಳಗಿದಾಗ ಸೆಕೆಂಡಿಗೆ ಐದಾರು ಸಲ ನಾದವು ಉಬ್ಬುತ್ತ ತಗ್ಗುತ್ತ ನಡುಗುತ್ತದೆ. ಆ ನಡುಕವನ್ನು ದಿನವೂ ಕೇಳುತ್ತ ಬೆಳೆದ ಮಗುವಿನ ಕಿವಿಯು ಅದನ್ನೇ ಸ್ವಭಾವವೆಂದು ತಿಳಿಯುತ್ತದೆ. ಆಮೇಲೆ “ಗಾಂಧಾರ ಸ್ವಲ್ಪ ಇಳಿಸಮ್ಮ” ಎಂದು ತಾವು ಎಷ್ಟು ಹೇಳಿದರೂ ಅದಕ್ಕೆ ಆ ಇಳಿಕೆಯ ಜಾಗವೇ ಸಿಕ್ಕುವುದಿಲ್ಲ.

ಮುಕ್ತ ತಂತ್ರಾಂಶಗಳಲ್ಲಿ ಇದಕ್ಕೆ ಪರಿಹಾರವು ಎಷ್ಟು ಸುಲಭವೆಂಬುದನ್ನು ಕಂಡು ನಾನು ಸಂತೋಷಪಟ್ಟಿದ್ದೇನೆ. ‘ಸರ್ಜ್’ ಎಂಬ ನಾದಯಂತ್ರವು ಮೊದಲು ಮಾರಾಟದ ಸರಕಾಗಿದ್ದು, 2018ರಲ್ಲಿ ಅದರ ಕರ್ತೃವೇ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟ ಮೇಲೆ ಹಲವರ ಪರಿಶ್ರಮದಿಂದ ಬೆಳೆದಿದೆ. ಅದು ‘ಸ್ಕಾಲಾ’ ಎಂಬ ಪದ್ಧತಿಯಲ್ಲಿ ಬರೆದ ಸಣ್ಣ ಕಡತವೊಂದನ್ನು ಓದಿ ತನ್ನ ಸ್ವರಸ್ಥಾನಗಳನ್ನು ಬದಲಾಯಿಸಿಕೊಳ್ಳಬಲ್ಲುದು. ಆ ಕಡತವೆಂದರೆ ಬರಿಯ ಅಕ್ಷರಗಳ ಹಾಳೆ. ಮೊದಲಿಗೆ ವಿವರಣೆಯ ಒಂದು ಸಾಲು. ಅದರ ಕೆಳಗೆ ಸ್ವರಗಳ ಸಂಖ್ಯೆ 7. ಆಮೇಲೆ ಸಾಲಿಗೊಂದರಂತೆ 16/15, 5/4, 4/3, 3/2, 8/5, 15/8, 2/1. ಅಷ್ಟೇ, ಮಾಯಾಮಾಳವಗೌಳವು ಮುಗಿಯಿತು. ಶುದ್ಧ ಋಷಭ, ಅಂತರಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ, ಮೇಲಿನ ಷಡ್ಜ, ಹೀಗೆ ಏಳು ಸಾಲುಗಳಲ್ಲಿ ಸರಳೆವರಸೆಯ ರಾಗವು ತನ್ನ ಶುದ್ಧವಾದ ಪ್ರಮಾಣಗಳಲ್ಲಿ ಯಂತ್ರದೊಳಗೆ ನೆಲೆಗೊಳ್ಳುತ್ತದೆ. ಋಷಭವು 16/15 ಆಗಬೇಕೋ ಇನ್ನೂ ತಗ್ಗಿ 256/243 ಆಗಬೇಕೋ ಎಂದು ತಮ್ಮಲ್ಲಿಯೇ ಭಿನ್ನಾಭಿಪ್ರಾಯವಿದ್ದರೆ, ಅದು ಇರತಕ್ಕದ್ದೇ. ತಮಗೆ ಬೇಕಾದ ಸಂಖ್ಯೆಯನ್ನು ಆ ಸಾಲಿನಲ್ಲಿ ಬರೆದುಕೊಳ್ಳಬಹುದು. ಪೂರ್ವದಲ್ಲಿ ಶಾಸ್ತ್ರಗ್ರಂಥಗಳಲ್ಲಿ ನಡೆಯುತ್ತಿದ್ದ ಈ ವಿಚಾರವನ್ನು ಈಗ ಕಿವಿಯಿಂದಲೇ ಪರೀಕ್ಷಿಸಿ ನೋಡುವ ಅವಕಾಶವು ಮನೆಮನೆಗೂ ಬಂದಿದೆ.

ಆದರೆ ಒಂದು ಎಚ್ಚರಿಕೆಯನ್ನು ಸೇರಿಸದಿದ್ದರೆ ನಾನು ಅರ್ಧಸತ್ಯವನ್ನು ನುಡಿದಂತಾದೀತು. ನಮ್ಮ ರಾಗದ ಪ್ರಾಣವು ಸ್ಥಿರವಾದ ಸ್ಥಾನಗಳಲ್ಲಿಲ್ಲ, ಗಮಕದಲ್ಲಿದೆ. ತೋಡಿಯ ಗಾಂಧಾರಕ್ಕೆ ಒಂದು ಭಿನ್ನರಾಶಿಯನ್ನು ಬರೆದುಕೊಡಿ ಎಂದರೆ ಯಾರು ತಾನೆ ಬರೆದಾರು? ಅದು ಋಷಭದಿಂದ ಮಧ್ಯಮದವರೆಗಿನ ಅವಕಾಶದಲ್ಲಿ ತೂಗಾಡುತ್ತಲೇ ಗಾಂಧಾರವಾಗುತ್ತದೆ. ಆದ್ದರಿಂದ ಕೀಬೋರ್ಡು ಎಷ್ಟೇ ಶುದ್ಧವಾಗಿದ್ದರೂ ಸರಳೆ ಜಂಟಿಗಳಾಚೆಗೆ ಅದು ಮಗುವಿಗೆ ಗುರುವಾಗಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ. ಗಮಕದ ವಿಷಯದಲ್ಲಿ ಗಣಕವು ಬೇರೊಂದು ರೀತಿಯ ಸೇವೆಯನ್ನು ಸಲ್ಲಿಸಬಲ್ಲುದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ‘ಸೋನಿಕ್ ವಿಷುವಲೈಸರ್’ ಎಂಬ ಮುಕ್ತ ತಂತ್ರಾಂಶದಲ್ಲಿ, ಶ್ರುತಿಯ ಗತಿಯನ್ನು ಗುರುತಿಸುವ ಉಪಾಂಗವೊಂದನ್ನು ಸೇರಿಸಿಕೊಂಡು, ತಾವು ಹಾಡಿದ ಭೈರವಿಯ ಒಂದು ಸಂಚಾರವನ್ನು ತೆರೆದರೆ, ಕಂಠವು ನಡೆದ ದಾರಿಯು ಗೆರೆಯಾಗಿ ಎದುರಿಗೆ ಮೂಡುತ್ತದೆ. ಕಂಪಿತವೆಷ್ಟು ಅಗಲ, ಜಾರು ಎಲ್ಲಿ ಆರಂಭವಾಗಿ ಎಲ್ಲಿ ನಿಂತಿತು, ಇದೆಲ್ಲವನ್ನೂ ಕಣ್ಣಿನಿಂದ ನೋಡಬಹುದು. ಬಾರ್ಸಿಲೋನಾದಲ್ಲಿ ಝೇವಿಯರ್ ಸೆರಾ ಎಂಬವರ ನೇತೃತ್ವದಲ್ಲಿ 2011ರಲ್ಲಿ ಆರಂಭವಾದ ‘ಕಾಂಪ್‌ಮ್ಯೂಸಿಕ್’ ಯೋಜನೆಯು ಕರ್ನಾಟಕ ಸಂಗೀತವನ್ನು ಇಂಥ ಉಪಕರಣಗಳಿಂದಲೇ ವರ್ಷಗಟ್ಟಲೆ ಅಭ್ಯಸಿಸಿ, ‘ಸರಾಗ’ ಎಂಬ ಧ್ವನಿಮುದ್ರಣಸಂಗ್ರಹವನ್ನು ಸಂಶೋಧಕರಿಗಾಗಿ ಮುಕ್ತವಾಗಿ ಇರಿಸಿದೆ. ಮಕ್ಕಳಿಗೆ ಈ ಗೆರೆಯನ್ನು ದಿನವೂ ತೋರಿಸುವುದು ಒಳ್ಳೆಯದಲ್ಲ, ಅವರು ಕಿವಿಯನ್ನು ಬಿಟ್ಟು ಗೆರೆಯನ್ನೇ ಹಾಡತೊಡಗಿಯಾರು. ವರ್ಣವೊಂದರಲ್ಲಿ ತಪ್ಪು ಎಲ್ಲಿ ಕೂತಿದೆಯೆಂದು ಹತ್ತು ಸಲ ಹೇಳಿಯೂ ತಿಳಿಯದ ಪ್ರಬುದ್ಧ ವಿದ್ಯಾರ್ಥಿಗೆ ಒಮ್ಮೆ ತೋರಿಸಿದರೆ ಸಾಕು.

ತಾಳದ ವಿಚಾರವನ್ನು ಬೇಗನೆ ಮುಗಿಸುತ್ತೇನೆ. ‘ಆರ್ಡರ್’ ಎಂಬ ಬಹುಪಥ ಧ್ವನಿಮುದ್ರಣ ತಂತ್ರಾಂಶದಲ್ಲಿ ಆವರ್ತವನ್ನು ಏಳು ಅಕ್ಷರಗಳಿಗೆ ಮಿಶ್ರಛಾಪುವಾಗಿಯೂ ಐದಕ್ಕೆ ಖಂಡಛಾಪುವಾಗಿಯೂ ಇರಿಸಿಕೊಳ್ಳಬಹುದು. ಅದರ ಟಿಕ್‌ಟಿಕ್ ಶಬ್ದದ ಸ್ಥಾನದಲ್ಲಿ ತಮ್ಮ ಕೈಯ ಘಾತದ ಶಬ್ದವನ್ನೇ ಕೂರಿಸಬಹುದು. ಘಾತ, ಬೆರಳೆಣಿಕೆ, ಹುಸಿಗಳನ್ನು ಬೇರೆಬೇರೆಯಾಗಿ ಕೇಳಿಸಬೇಕಾದರೆ ‘ಹೈಡ್ರೋಜನ್’ ಎಂಬ ಲಯಯಂತ್ರವು ಮೇಲು. ಅದರಲ್ಲಿ ಒಂದೊಂದು ಕ್ರಿಯೆಗೂ ಒಂದೊಂದು ಧ್ವನಿಯನ್ನು ಕೊಟ್ಟು ಚತುರಶ್ರಜಾತಿ ಧ್ರುವತಾಳದ ಹದಿನಾಲ್ಕು ಅಕ್ಷರಗಳನ್ನು ಒಮ್ಮೆ ಕಟ್ಟಿಟ್ಟರೆ ಅಲಂಕಾರಗಳ ಅಭ್ಯಾಸಕ್ಕೆ ಅದು ಮುಂದೆಯೂ ಒದಗುತ್ತದೆ. ಸುಳಾದಿ ಸಪ್ತತಾಳಗಳ ಮೂವತ್ತೈದು ಪ್ರಭೇದಗಳನ್ನೂ ತಮ್ಮಲ್ಲಿ ಏಳುಮಂದಿ ಹಂಚಿಕೊಂಡು ಕಟ್ಟಿದರೆ ಒಬ್ಬೊಬ್ಬರ ಪಾಲಿಗೆ ಐದೈದೇ ಬೀಳುತ್ತವೆ.

ವಿಡಿಯೋ ಪಾಠದ ಸಂಕಟವನ್ನು ಮಾತ್ರ ಹೇಳದೆ ಮುಂದುವರಿಯಲಾರೆ, ಏಕೆಂದರೆ 2020ರ ಲಾಕ್‌ಡೌನಿನ ತಿಂಗಳುಗಳಲ್ಲಿ ತಾವೆಲ್ಲರೂ ಅದನ್ನು ಅನುಭವಿಸಿದ್ದೀರಿ. ತಾವು ಇಲ್ಲಿ ತಂಬೂರಿಯನ್ನು ಹಾಕಿಕೊಂಡು ಕುಳಿತಿದ್ದರೂ ಅತ್ತ ಮಗುವಿಗೆ ಅದು ಕೇಳಿಸುತ್ತಿರಲಿಲ್ಲ. ಮೊದಲ ಕೆಲವು ಕ್ಷಣ ಕೇಳಿ ಆಮೇಲೆ ಮಾಯವಾಗುತ್ತಿತ್ತು. ಸಂಭಾಷಣೆಗೆಂದು ನಿರ್ಮಿತವಾದ ಆ ತಂತ್ರಾಂಶಗಳು ಏಕಪ್ರಕಾರವಾಗಿ ಮೊಳಗುವ ನಾದವನ್ನು ಫ್ಯಾನಿನ ಸದ್ದೆಂದೇ ಬಗೆದು ಅಳಿಸಿಹಾಕುತ್ತವೆ. ನಮ್ಮ ಸಂಗೀತಕ್ಕೆ ಯಾವುದು ಆಧಾರವೋ ಅದೇ ಅವುಗಳ ದೃಷ್ಟಿಯಲ್ಲಿ ನಿವಾರಣೀಯವಾದ ಕಸ. ಇದರ ಜೊತೆಗೆ ಗುರುಶಿಷ್ಯರು ಕೂಡಿ ಹಾಡಲಾರದಷ್ಟು ವಿಳಂಬ. ಫೋಲ್ಕರ್ ಫಿಶರ್ ಎಂಬವರು 2006ರಲ್ಲಿ ಆರಂಭಿಸಿದ ‘ಜಾಮ್ಯುಲಸ್’ ಎಂಬ ಮುಕ್ತ ತಂತ್ರಾಂಶವು ದೂರದಲ್ಲಿರುವವರು ಒಟ್ಟಿಗೆ ನುಡಿಸಲೆಂದೇ ಮಾಡಿದ್ದು. ಅದು ತಂಬೂರಿಯನ್ನು ಅಳಿಸುವುದಿಲ್ಲ. ಶಬ್ದವು ಗಾಳಿಯಲ್ಲಿ ಒಂದು ಮೀಟರು ಸಾಗಲು ಸೆಕೆಂಡಿನ ಸಾವಿರದಲ್ಲಿ ಸುಮಾರು ಮೂರು ಭಾಗ ಬೇಕಾಗುವುದರಿಂದ, ಮೂವತ್ತು ಭಾಗದ ವಿಳಂಬವೆಂದರೆ ವೇದಿಕೆಯ ಮೇಲೆ ಹತ್ತು ಮೀಟರು ದೂರ ಕುಳಿತವರೊಡನೆ ಹಾಡಿದಂತೆ. ಇದು ಕಷ್ಟವಾದರೂ ಅಸಾಧ್ಯವಲ್ಲ. ರಾಜಾಜಿನಗರಕ್ಕೂ ಕೆಂಗೇರಿಗೂ ನಡುವೆ, ಎರಡು ಕಡೆಯೂ ವೈಫೈಯನ್ನು ಬಿಟ್ಟು ತಂತಿಯ ಸಂಪರ್ಕವನ್ನು ಇಟ್ಟುಕೊಂಡು, ಕಿವಿಗೆ ಹೆಡ್‌ಫೋನು ಹಾಕಿಕೊಂಡರೆ, ಇಷ್ಟರೊಳಗೆ ಕೆಲಸ ನಡೆಯುವ ಸಂಭವವಿದೆ. ಅಮೆರಿಕದಲ್ಲಿರುವ ಶಿಷ್ಯರ ವಿಷಯದಲ್ಲಿ ಹಾಗೆ ಹೇಳಲಾರೆ. ಅಷ್ಟು ದೂರದ ವಿಳಂಬವನ್ನು ಯಾವ ತಂತ್ರಾಂಶವೂ ನೀಗಿಸಲಾರದು.

ಹಣದ ಮಾತಿಗೆ ಬರುತ್ತೇನೆ. ಮನೆಪಾಠದ ಶುಲ್ಕದಿಂದ ಸಂಸಾರ ತೂಗಿಸುವವರು ಹತ್ತಾರು ಸಾವಿರ ರೂಪಾಯಿಯ ತಂತ್ರಾಂಶವನ್ನು ಕೊಳ್ಳಲಾರರು. ಹೀಗಾಗಿ ಲ್ಯಾಪ್‌ಟಾಪನ್ನು ರಿಪೇರಿ ಮಾಡುವ ಅಂಗಡಿಯವನು “ಹಾಕಿಕೊಡ್ತೀನಿ ಬಿಡಿ ಸಾರ್” ಎಂದು ಕದ್ದ ಪ್ರತಿಯೊಂದನ್ನು ಹಾಕಿಕೊಡುತ್ತಾನೆ. ಕೆಲವು ಕಾಲದ ಮೇಲೆ ಅದು ಮುನಿಸಿಕೊಂಡು, ಅದರಲ್ಲಿ ಮಾಡಿಟ್ಟ ಕೆಲಸವು ತೆರೆಯದಂತಾಗುತ್ತದೆ. ವಿದ್ಯೆಯನ್ನು ಹೇಳಿಕೊಡುವ ಮನೆಯಲ್ಲಿ ಕದ್ದ ಪದಾರ್ಥವಿರಬಾರದೆಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಹಾಗಿರಬೇಕಾದ ಅವಶ್ಯಕತೆಯೂ ಇಲ್ಲವೆಂಬುದನ್ನಷ್ಟೇ ಹೇಳುತ್ತಿದ್ದೇನೆ. ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಘೋಷಿಸಿದ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯಿಂದ ಮುಂದೆ ಹುಟ್ಟಿದ ಜಿ.ಪಿ.ಎಲ್. ಎಂಬ ಅನುಮತಿಪತ್ರದ ಅಡಿಯಲ್ಲಿ ಬಂದಿರುವ ತಂತ್ರಾಂಶವನ್ನು ಶಿಷ್ಯರಿಗೆ ನಕಲು ಮಾಡಿಕೊಡುವುದು ನ್ಯಾಯಸಮ್ಮತವಾದ ಕಾರ್ಯ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡಾಮಿನಿಕ್ ಮಝೋನಿ, ರೋಜರ್ ಡ್ಯಾನೆನ್‌ಬರ್ಗ್ ಎಂಬವರು 1999ರಲ್ಲಿ ಆರಂಭಿಸಿದ ‘ಅಡಾಸಿಟಿ’ ಎಂಬ ಮುಕ್ತ ಧ್ವನಿಮುದ್ರಣ ತಂತ್ರಾಂಶವು 2021ರಲ್ಲಿ ಒಂದು ಸಂಸ್ಥೆಯ ಕೈಸೇರಿದಾಗ, ಬಳಸುವವರ ಮಾಹಿತಿಯನ್ನು ಸಂಗ್ರಹಿಸುವ ವಿಷಯದಲ್ಲಿ ದೊಡ್ಡ ಗದ್ದಲವೆದ್ದಿತು. ಆಗ ಅಸಮಾಧಾನಗೊಂಡವರು ಅದರ ಹಳೆಯ ಪ್ರತಿಯನ್ನು ತೆಗೆದುಕೊಂಡು ಪ್ರತ್ಯೇಕವಾಗಿ ಬೆಳೆಸತೊಡಗಿದರು. ಯಜಮಾನನು ಬದಲಾಗಬಹುದು, ಒಮ್ಮೆ ಜನರ ಕೈಗೆ ಕೊಟ್ಟದ್ದನ್ನು ಹಿಂದಕ್ಕೆ ಕಿತ್ತುಕೊಳ್ಳುವಂತಿಲ್ಲ.

ತೊಂದರೆಗಳೇ ಇಲ್ಲವೆಂದು ನಾನು ಹೇಳಲಾರೆ. ಈ ತಂತ್ರಾಂಶಗಳ ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಆರ್ಡರಿನ ಪರದೆಯು ಮೊದಲ ದಿನ ಎಂಥವರನ್ನೂ ತಬ್ಬಿಬ್ಬುಗೊಳಿಸುತ್ತದೆ. ಕೆಲವು ಮೈಕುಗಳೂ ಆಡಿಯೋ ಇಂಟರ್‌ಫೇಸುಗಳೂ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯೊಡನೆ ಹೊಂದಿಕೊಳ್ಳುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಎಫ್.ಎಸ್.ಎಂ.ಕೆ. ಎಂಬ ಸ್ವತಂತ್ರ ತಂತ್ರಾಂಶದ ಚಳವಳಿಯು ಕಾಲೇಜು ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುತ್ತ ಬಂದಿದೆ. ತಮ್ಮ ಶಿಷ್ಯರಲ್ಲಿಯೇ ಇಂಥ ವಿಷಯಗಳನ್ನು ಬಲ್ಲ ತರುಣರಿದ್ದಾರೆ. ಅವರು ತಮಗೆ ತಂತ್ರಾಂಶವನ್ನು ಕಲಿಸಲಿ, ತಾವು ಕಲಿತದ್ದನ್ನು ಕನ್ನಡದಲ್ಲಿ ಬರೆದಿಡಿ. ಸಂಗೀತಗಾರನು ಸಂಗೀತಗಾರನಿಗಾಗಿ ಬರೆದ ನಾಲ್ಕು ಪುಟಗಳು ನಮಗೆ ಅತ್ಯಗತ್ಯವಾಗಿವೆ.

ಕೊನೆಯಲ್ಲಿ ಹೇಳಬೇಕೆಂದಿರುವುದು ಎಲ್ಲಕ್ಕಿಂತ ತುರ್ತಾದದ್ದು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಗಳು ಸ್ವರ ಹಾಕಿದ ‘ನಿತ್ಯೋತ್ಸವ’ವು 1978ರಲ್ಲಿ ಧ್ವನಿಸುರುಳಿಯಾಗಿ ಬಂದ ಕಾಲದಿಂದ ಎರಡು ದಶಕಗಳಿಗೂ ಮಿಕ್ಕಿ ನಮ್ಮ ಮನೆಗಳಲ್ಲಿ ಕ್ಯಾಸೆಟ್ಟಿನ ಆಳಿಕೆ ನಡೆಯಿತು. ಅಂಗಡಿಯ ಕ್ಯಾಸೆಟ್ಟುಗಳನ್ನು ಯಾರೋ ಒಬ್ಬರು ಉಳಿಸಿಯಾರು. ತಮ್ಮ ಬೀರುವಿನಲ್ಲಿರುವುವು ಬೇರೆ. ಅವು ತಮ್ಮ ಗುರುಗಳು ತಮಗೊಬ್ಬರಿಗೇ ಹೇಳಿಕೊಟ್ಟ ಪಾಠಗಳು, ಲೋಕದಲ್ಲಿ ಅವಕ್ಕೆ ಎರಡನೆಯ ಪ್ರತಿಯಿಲ್ಲ. ಆ ಪಟ್ಟಿಯ ಮೇಲಿನ ಕಾಂತೀಯ ಲೇಪವು ವರ್ಷವರ್ಷವೂ ಕ್ಷಯಿಸುತ್ತಿದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಟೇಪ್‌ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ಒಂದು ತಂತಿಯನ್ನು ಜೋಡಿಸಿ, ಅಡಾಸಿಟಿಯಲ್ಲಿ ಮುದ್ರಿಸಿಕೊಂಡರೆ ಅರವತ್ತು ನಿಮಿಷದ ಕ್ಯಾಸೆಟ್ಟು ಏಕಪಥದಲ್ಲಿ 320 ಮೆಗಾಬೈಟಿನಷ್ಟಾಗುತ್ತದೆ. ‘ಫ್ಲ್ಯಾಕ್’ ಎಂಬ ಮುಕ್ತಪದ್ಧತಿಯಲ್ಲಿ ಶೇಖರಿಸಿದರೆ ನಾದದ ಒಂದು ಕಣವೂ ನಷ್ಟವಾಗದೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸದ್ದನ್ನು ತೆಗೆಯುವ ಉತ್ಸಾಹದಲ್ಲಿ ಗುರುಗಳ ಉಸಿರನ್ನೂ ತೆಗೆದುಬಿಡಬೇಡಿ. ಶೋಧಿಸದ ಮೂಲಪ್ರತಿಯನ್ನು ಬೇರೆಯಾಗಿ ಕಾಪಾಡಿಕೊಂಡು, ಶೋಧನೆಯನ್ನು ಅದರ ನಕಲಿನ ಮೇಲೆ ಮಾಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಯಾಸೆಟ್ಟಿನ ಪಟ್ಟಿಯು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಮುದ್ರಿಸಿದ ಯಂತ್ರವೋ ನುಡಿಸುವ ಯಂತ್ರವೋ ಸ್ವಲ್ಪ ನಿಧಾನವೋ ವೇಗವೋ ಆಗಿದ್ದರೆ ಶ್ರುತಿಯೇ ಬದಲಾಗುತ್ತದೆ. ಅಡಾಸಿಟಿಯಲ್ಲಿ ತಂಬೂರಿಯೊಂದೇ ಕೇಳುವ ಭಾಗವನ್ನು ಆರಿಸಿ ಅದರ ವರ್ಣಪಟಲವನ್ನು ತೆರೆದಾಗ, ಒಂದೂವರೆ ಮನೆಯ ಷಡ್ಜವು 138.6ಕ್ಕೆ ಬದಲಾಗಿ 142ರಲ್ಲಿ ಕಂಡಿತೆನ್ನಿ. ಆಗ ವೇಗವನ್ನು ನೂರಕ್ಕೆ 2.4ರಷ್ಟು ತಗ್ಗಿಸಿದರೆ ಗುರುಗಳ ಕಂಠವು ತನ್ನ ಸ್ವಸ್ಥಾನಕ್ಕೂ ತನ್ನ ಸಹಜವಾದ ಕಾಲಪ್ರಮಾಣಕ್ಕೂ ಮರಳುತ್ತದೆ. ಆ ಷಡ್ಜವು ಒಂದೂವರೆ ಮನೆಯದೇ ಎಂದು ಯಂತ್ರಕ್ಕೆ ಹೇಳುವವರು ಯಾರು? ಮುದ್ರಣದೊಳಗೆ ಸೇರಿಹೋಗಿರುವ ವಿದ್ಯುತ್ತಿನ ಗುಂಯ್‌ಕಾರವು 50 ಕಂಪನಗಳದಾಗಿರಬೇಕೆಂಬ ಆಧಾರದಿಂದ ಕೆಲವರು ವೇಗವನ್ನು ನಿರ್ಣಯಿಸುತ್ತಾರೆ. ಆದರೆ ಆ ಕಾಲದಲ್ಲಿ ನಮ್ಮ ವಿದ್ಯುಜ್ಜಾಲದ ಆವರ್ತನವೇ ಐವತ್ತರಿಂದ ಕೆಳಗೆ ಜಾರುತ್ತಿದ್ದುದರಿಂದ ಅದನ್ನು ಪೂರ್ಣವಾಗಿ ನಂಬುವಂತಿಲ್ಲ. ನಿಜವಾದ ಪ್ರಮಾಣವು ತಮ್ಮ ನೆನಪಿನಲ್ಲಿದೆ. ಗುರುಗಳು ಯಾವ ಮನೆಗೆ ಹಾಡುತ್ತಿದ್ದರು, ವಯಸ್ಸಾದ ಮೇಲೆ ಎಷ್ಟಕ್ಕೆ ಇಳಿಸಿದರು, ಅಂದು ಎದುರಿಗಿದ್ದದ್ದು ತಂಬೂರಿಯೋ ಹಾರ್ಮೋನಿಯಂ ರೀಡಿನ ಶ್ರುತಿಪೆಟ್ಟಿಗೆಯೋ, ಇವನ್ನು ಬಲ್ಲವರು ತಾವೊಬ್ಬರೇ. ಆದ್ದರಿಂದ ಗಣಕದ ಕೆಲಸವನ್ನು ಎಂದು ಬೇಕಾದರೂ ಮಾಡೋಣ. ಅದಕ್ಕೆ ಮುಂಚೆ ಈ ವಾರವೇ, ಬೀರುವಿನಿಂದ ಆ ಡಬ್ಬವನ್ನು ಕೆಳಗಿಳಿಸಿ, ಒಂದೊಂದು ಕ್ಯಾಸೆಟ್ಟಿನ ಚೀಟಿಯ ಮೇಲೂ ಹಾಡಿದವರ ಹೆಸರು, ಇಸವಿ, ಶ್ರುತಿಯ ಮನೆ ಇಷ್ಟನ್ನು ಮಾಸದ ಶಾಯಿಯಿಂದ ಬರೆದಿಡಬೇಕಾಗಿ ತಮ್ಮೆಲ್ಲರಲ್ಲಿ ವಿನಂತಿ.

ಇತಿ ತಮ್ಮ ವಿಧೇಯ,
ಬಸವೇಶ್ವರನಗರದ ಒಬ್ಬ ಸಂಗೀತವಿದ್ಯಾರ್ಥಿ